ರನ್‌ವೇ ಕೆಳಗೊಂದು ಬದುಕಿನ ದಾರಿ

ವಿಮಾನ ಸರಾಯೆವೊದಲ್ಲಿ ನೆಲ ಮುಟ್ಟುವಾಗ ನನ್ನ ಗಮನವೆಲ್ಲ ಮಗನ ಮೇಲಿತ್ತು. ಕಿವಿ ನೋಯುತ್ತಿದೆಯೆಂದು ಅವನು ಅಳುತ್ತಿದ್ದ. ಮಗಳು ಕಿಟಕಿಗೆ ಮೂಗು ಒತ್ತಿಕೊಂಡು, "ಉಮ್ಮಾ, ಎಷ್ಟೊಂದು ಬೆಟ್ಟ! ನಮ್ಮ ಚಾರ್ಮಾಡಿ ಥರಾನೇ ಇದೆ" ಎಂದು ಸಂಭ್ರಮಿಸುತ್ತಿದ್ದಳು. ವಿಮಾನ ಓಡಿ ನಿಂತಿತು. ಅಲ್‌ಹಮ್ದುಲಿಲ್ಲಾಹ್ ಎಂದು ನಿಟ್ಟುಸಿರು ಬಿಟ್ಟೆ. ನಾವು ಆಗಷ್ಟೇ ಓಡಿ ಬಂದ ಆ ರನ್‌ವೇಯ ಕೆಳಗೆ, ಮಣ್ಣಿನೊಳಗೆ, ಒಂದು ಕಾಲದಲ್ಲಿ ಜನರು ಬೆನ್ನು ಬಗ್ಗಿಸಿ, ಹಿಟ್ಟಿನ ಚೀಲ ಹೊತ್ತು ನಡೆಯುತ್ತಿದ್ದರೆಂಬುದು ನನ್ನ ನೆನಪಿಗೇ ಬರಲಿಲ್ಲ.

ನಾವು ದುಬೈಗೆ ಬಂದು ಹದಿಮೂರು ವರ್ಷವಾಯಿತು. ರಜೆ ಬಂದರೆ ಪುತ್ತೂರು. ಮದುವೆಗಳು, ನೆಂಟರ ಮನೆ, ಮಳೆ. ಅಷ್ಟರಲ್ಲಿ ರಜೆ ಮುಗಿದಿರುತ್ತದೆ. ಕಳೆದ ಬೇಸಿಗೆ ರಜೆಯಲ್ಲಿ ಮಾತ್ರ ಇವರು, "ಊರಿಗೆ ಹೋಗುವ ಮೊದಲು ಐದು ದಿನ ಎಲ್ಲಾದರೂ ತಂಪಾದ ಜಾಗಕ್ಕೆ ಹೋಗಿ ಬರೋಣ" ಎಂದರು. ಗಲ್ಫಿನ ಅನೇಕ ಕುಟುಂಬಗಳು ಈಗ ಬೋಸ್ನಿಯಾಕ್ಕೆ ಹೋಗುತ್ತವೆ. ಹಸಿರು ಬೆಟ್ಟ, ತಣ್ಣಗಿನ ತೊರೆ, ಹಲಾಲ್ ಊಟ. ಇವರಿಗೆ ಅಷ್ಟು ಸಾಕಿತ್ತು. ನನಗೆ ಮಾತ್ರ ಆ ಹೆಸರು ಕೇಳಿದೊಡನೆ ಬೇರೇನೋ ನೆನಪಾಯಿತು.

ಅದು 1993ರ ಮಾತು. ನಾನಾಗ ಆರನೇ ತರಗತಿಯಲ್ಲಿದ್ದೆ. ಒಂದು ಶುಕ್ರವಾರ ಉಪ್ಪ ಜುಮಾ ಮುಗಿಸಿ ಬಂದು, "ಇವತ್ತು ಬೋಸ್ನಿಯಾದವರಿಗಾಗಿ ದುಆ ಮಾಡಿದರು" ಎಂದಿದ್ದರು. ಅಂದಿನಿಂದ ನನ್ನ ಅಜ್ಜಿ ಪ್ರತಿ ಇಶಾ ನಮಾಝ್‌ನ ಬಳಿಕ 'ಬೋಸ್ನಿಯಾದ ಮಕ್ಕಳಿಗೆ' ಎಂದು ಕೈಯೆತ್ತುತ್ತಿದ್ದರು. ಬೋಸ್ನಿಯಾ ಎಲ್ಲಿದೆಯೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಶಾಲೆಯ ಅಟ್ಲಾಸ್ ತೆರೆದು ಹುಡುಕಿದರೆ ಅದರಲ್ಲಿ ಆ ಹೆಸರಿನ ದೇಶವೇ ಇರಲಿಲ್ಲ. ಹಳೆಯ ಪುಸ್ತಕವಾದ್ದರಿಂದ ಆ ಜಾಗದಲ್ಲಿ ಯುಗೊಸ್ಲಾವಿಯ ಎಂದಿತ್ತು. ನಕಾಶೆಯಲ್ಲಿಲ್ಲದ ಊರಿನ ಮಕ್ಕಳಿಗಾಗಿ ಅಜ್ಜಿ ವರ್ಷಗಟ್ಟಲೆ ದುಆ ಮಾಡಿದರು.

ರಸ್ತೆಯಲ್ಲಿ ಅರಳಿದ ಕೆಂಪು ಗುಲಾಬಿ

ನಾವು ಉಳಿದುಕೊಂಡದ್ದು ಹಳೆಯ ಪೇಟೆಯ ಮೇಲಿನ ಗುಡ್ಡದಲ್ಲಿ, ಒಂದು ಮನೆಯ ಮಹಡಿಯಲ್ಲಿ. ಮನೆಯೊಡತಿಗೆ ಅರವತ್ತು ದಾಟಿರಬೇಕು. ತಲೆಗೆ ಹೂವಿನ ಚಿತ್ತಾರದ ಸ್ಕಾರ್ಫ್, ಸದಾ ಕೈಯಲ್ಲೊಂದು ಕಾಫಿ ತಟ್ಟೆ. ಅಲ್ಲಿ ಚಿಕ್ಕಮ್ಮ, ಅತ್ತೆಯರನ್ನು 'ತೇತ' ಎನ್ನುತ್ತಾರೆ. ನನ್ನ ಮಕ್ಕಳು ಮೊದಲ ದಿನವೇ ಅವರನ್ನು ತೇತ ಎಂದು ಕರೆಯತೊಡಗಿದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಮಗಳೇ ನಮ್ಮ ನಡುವೆ ದುಭಾಷಿ.

ಹಳೆಯ ಪೇಟೆಯ ಹೆಸರು ಬಶ್‌ಚಾರ್ಶಿಯ. ಮರದ ಕಟ್ಟಡದ ಕಾರಂಜಿ, ಅದರ ಸುತ್ತ ಪಾರಿವಾಳಗಳು, ತಾಮ್ರದ ಪಾತ್ರೆ ಬಡಿಯುವ ಸದ್ದು. 1531ರಲ್ಲಿ ಕಟ್ಟಿದ ಗಾಝಿ ಹುಸ್ರೆವ್ ಬೇಗ್ ಮಸೀದಿಯಲ್ಲಿ ಅಸರ್ ನಮಾಝ್ ಮಾಡಿದೆವು. ಅಲ್ಲಿಂದ ಕೆಲವೇ ನಿಮಿಷ ನಡೆದರೆ ಕ್ಯಾಥೊಲಿಕರ ದೊಡ್ಡ ಚರ್ಚು, ಆರ್ಥೊಡಾಕ್ಸ್ ಕ್ರೈಸ್ತರ ಚರ್ಚು, ಯಹೂದಿಯರ ಸಿನೆಗಾಗ್ ಎಲ್ಲವೂ ಸಿಗುತ್ತವೆ. ಶತಮಾನಗಳಿಂದ ಒಂದೇ ಪೇಟೆಯಲ್ಲಿ ಉಪ್ಪು-ಸಕ್ಕರೆ ಕೊಂಡವರ ಊರದು.

ನಡೆಯುವ ದಾರಿಯಲ್ಲಿ ಕಲ್ಲುಹಾಸಿನ ಮೇಲೆ ಅಲ್ಲಲ್ಲಿ ಕೆಂಪು ಕಲೆಗಳಿದ್ದವು. ಬಣ್ಣ ಚೆಲ್ಲಿದೆಯೆಂದುಕೊಂಡು ಮಗ ಅವುಗಳ ಮೇಲೆ ಕುಂಟಾಬಿಲ್ಲೆ ಆಡಿದ. ನಮ್ಮ ಜೊತೆ ಬಂದಿದ್ದ ತೇತನ ಮಗಳು ಮೆಲ್ಲನೆ ಅವನ ಕೈ ಹಿಡಿದು ಪಕ್ಕಕ್ಕೆ ಕರೆದಳು. ಅವುಗಳನ್ನು 'ಸರಾಯೆವೊ ಗುಲಾಬಿ' ಎನ್ನುತ್ತಾರಂತೆ. ಯುದ್ಧದಲ್ಲಿ ಶೆಲ್ ಬಿದ್ದು ಜನ ಸತ್ತ ಜಾಗಗಳವು. ಸಿಡಿದ ಗುರುತುಗಳಿಗೆ ಕೆಂಪು ರಾಳ ತುಂಬಿ ಹಾಗೆಯೇ ಉಳಿಸಿದ್ದಾರೆ. 1992ರ ಮೇ 27ರಂದು ಇದೇ ಬೀದಿಯಲ್ಲಿ ಬ್ರೆಡ್‌ಗಾಗಿ ಸರದಿಯಲ್ಲಿ ನಿಂತಿದ್ದವರ ಮೇಲೆ ಶೆಲ್ ಬಿತ್ತು. 1994ರ ಫೆಬ್ರವರಿ 5ರಂದು ಹತ್ತಿರದ ಮಾರ್ಕಾಲೆ ತರಕಾರಿ ಮಾರುಕಟ್ಟೆಯಲ್ಲಿ 68 ಮಂದಿ ಸತ್ತರು. ಬ್ರೆಡ್, ತರಕಾರಿ... ಮನೆಯಿಂದ ಹೊರಡುವಾಗ ಅವರ ಮನಸ್ಸಿನಲ್ಲಿ ರಾತ್ರಿಯ ಅಡುಗೆಯ ಯೋಚನೆಯಲ್ಲದೆ ಇನ್ನೇನಿತ್ತು?

ಆ ರಾತ್ರಿ ಮಗಳು ಊಟ ಸರಿಯಾಗಿ ಮಾಡಲಿಲ್ಲ. "ಉಮ್ಮಾ, ಅವರನ್ನು ಕೊಂದವರು ಯಾರು?" ಎಂದು ಕೇಳಿದಳು. ನಾನು ಉತ್ತರಕ್ಕೆ ತಡಕಾಡಿದೆ. ಇವರು ಬೇಸರದಿಂದ, "ರಜೆಯಲ್ಲಿ ಮಕ್ಕಳಿಗೆ ಇದನ್ನೆಲ್ಲ ತೋರಿಸಬೇಕಾ? ನಾಳೆ ಜಲಪಾತಕ್ಕೆ ಹೋಗೋಣ" ಎಂದರು. ಅವರ ಮಾತು ತಪ್ಪು ಎನ್ನಲು ನನಗೂ ಧೈರ್ಯ ಬರಲಿಲ್ಲ. ಮರುದಿನ ಜಲಪಾತ ನೋಡಿ ಬಂದೆವು. ಆದರೆ ಹುಡುಗಿಯ ಪ್ರಶ್ನೆ ಹಾಗೆಯೇ ಉಳಿಯಿತು. ಮೂರನೇ ದಿನ ಸುರಂಗ ನೋಡಲು ಹೊರಟೆವು.

ಬೋಗುಣಿಯೊಳಗಿನ ನಗರ

ಸರಾಯೆವೊ ಒಂದು ಉದ್ದನೆಯ ಬೋಗುಣಿಯಂತಿದೆ. ಕೆಳಗೆ ಊರು, ಸುತ್ತ ಬೆಟ್ಟ. 1984ರಲ್ಲಿ ಇದೇ ಬೆಟ್ಟಗಳಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಿತ್ತು. ಎಂಟು ವರ್ಷಗಳ ಬಳಿಕ ಅಲ್ಲೇ ಫಿರಂಗಿಗಳು ಬಂದು ಕುಳಿತವು. ಬೋಸ್ನಿಯಾ ಯುಗೊಸ್ಲಾವಿಯದಿಂದ ಬೇರೆಯಾಗಿ ಸ್ವತಂತ್ರವಾದುದನ್ನು ಒಪ್ಪದ ಸರ್ಬ್ ಪಡೆಗಳು 1992ರ ಏಪ್ರಿಲ್‌ನಲ್ಲಿ ನಗರವನ್ನು ಸುತ್ತುವರಿದವು. ಆ ಮುತ್ತಿಗೆ 1996ರ ಫೆಬ್ರವರಿ 29ರವರೆಗೆ, ಅಂದರೆ 1,425 ದಿನ ನಡೆಯಿತು. ನೀರು, ವಿದ್ಯುತ್, ಗ್ಯಾಸ್ ಎಲ್ಲವನ್ನೂ ಕಡಿದು ಹಾಕಿದರು. ಚಳಿಗೆ ಉರುವಲಿಲ್ಲದೆ ಜನರು ಉದ್ಯಾನದ ಮರಗಳನ್ನು ಕಡಿದರು, ಮನೆಯ ಕುರ್ಚಿ-ಮೇಜು ಉರಿಸಿದರು. ಬಾಲ್ಕನಿಯಲ್ಲಿ ತರಕಾರಿ ಬೆಳೆದರು. ಆಟದ ಮೈದಾನ ಖಬರಸ್ಥಾನವಾಯಿತು.

2012ರಲ್ಲಿ, ಯುದ್ಧ ಶುರುವಾಗಿ ಇಪ್ಪತ್ತು ವರ್ಷವಾದಾಗ, ನಗರದ ಮುಖ್ಯ ಬೀದಿಯಲ್ಲಿ 11,541 ಕೆಂಪು ಕುರ್ಚಿಗಳನ್ನು ಸಾಲಾಗಿ ಇಟ್ಟರು. ಸತ್ತ ಒಬ್ಬೊಬ್ಬರಿಗೆ ಒಂದೊಂದು ಖಾಲಿ ಕುರ್ಚಿ. ಅವುಗಳಲ್ಲಿ 643 ಪುಟ್ಟ ಕುರ್ಚಿಗಳಿದ್ದವು. ಅವು ಮಕ್ಕಳದು.

ಆ ಮುತ್ತಿಗೆಯ ಉಂಗುರದಲ್ಲಿ ಒಂದೇ ಒಂದು ಕಡೆ ಬಿಟ್ಟ ಜಾಗವಿತ್ತು. ಅದೇ ವಿಮಾನ ನಿಲ್ದಾಣ. 1992ರ ಜೂನ್ ಕೊನೆಯಿಂದ ಅದು ವಿಶ್ವಸಂಸ್ಥೆಯ ಪಡೆಗಳ ಕೈಯಲ್ಲಿತ್ತು. ನೆರವಿನ ವಿಮಾನಗಳು ಅಲ್ಲಿ ಇಳಿಯುತ್ತಿದ್ದವು. ಆದರೆ ಊರಿನವರು ಆ ಬಯಲನ್ನು ದಾಟುವಂತಿರಲಿಲ್ಲ. ಈಚೆಗೆ ದೊಬ್ರಿನ್ಯ ಎಂಬ ಬಡಾವಣೆ, ಆಚೆಗೆ ಬುಟ್ಮಿರ್ ಎಂಬ ಹಳ್ಳಿ, ಅದರಾಚೆ ಇಗ್ಮನ್ ಬೆಟ್ಟ. ಬುಟ್ಮಿರ್ ತಲುಪಿದರೆ ಹೊರಗಿನ ಜಗತ್ತು. ರಾತ್ರಿ ಕತ್ತಲಲ್ಲಿ ರನ್‌ವೇ ದಾಟಲು ಓಡಿದವರಲ್ಲಿ ಎಷ್ಟೋ ಮಂದಿ ಗುಂಡಿಗೆ ಬಲಿಯಾದರು.

ಮೇಲೆ ದಾರಿಯಿಲ್ಲದಿದ್ದರೆ ಕೆಳಗೆ ದಾರಿ ಮಾಡಬೇಕು! 1993ರ ಮಾರ್ಚ್‌ನಲ್ಲಿ ಅಗೆತ ಶುರುವಾಯಿತು. ಯಂತ್ರಗಳಿರಲಿಲ್ಲ. ಗುದ್ದಲಿ, ಪಿಕಾಸಿ, ಕೈಗಾಡಿ ಅಷ್ಟೇ. ಎರಡೂ ಕಡೆಯಿಂದ ಹಗಲು-ರಾತ್ರಿ ಪಾಳಿಯಲ್ಲಿ ಅಗೆದರು. ಜುಲೈ 30ರಂದು ಎರಡೂ ಕಡೆಯವರು ನೆಲದೊಳಗೆ ಸಂಧಿಸಿದರು. ಸುಮಾರು 800 ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ಎತ್ತರ. ಆಮೇಲೆ ಅದರೊಳಗೆ ಸಣ್ಣ ಹಳಿ ಹಾಕಿ ತಳ್ಳುಗಾಡಿ ಓಡಿಸಿದರು. ವಿದ್ಯುತ್ ತಂತಿ, ಟೆಲಿಫೋನ್ ತಂತಿ, ಇಂಧನದ ಪೈಪು ಎಲ್ಲವೂ ಅದೇ ಕಿರಿದಾದ ದಾರಿಯಲ್ಲಿ ನಗರಕ್ಕೆ ಬಂದವು.

ಒಂದು ಲೋಟ ನೀರು

ಟ್ರಾಮಿನಲ್ಲಿ ಇಲಿಜ ಎಂಬಲ್ಲಿಗೆ ಹೋಗಿ, ಅಲ್ಲಿಂದ ಟ್ಯಾಕ್ಸಿ ಹಿಡಿದೆವು. ಸ್ಮಾರಕವೆಂದರೆ ದೊಡ್ಡ ಗೋಪುರ, ಕಂಬಗಳಿರುತ್ತವೆಂದು ಮಕ್ಕಳು ಎಣಿಸಿದ್ದರು. ಕಂಡದ್ದು ಹಳ್ಳಿಯ ಒಂದು ಮಾಮೂಲಿ ಮನೆ. ಗೋಡೆಯ ತುಂಬ ಗುಂಡು ತಾಗಿದ ತೂತುಗಳು. ಅವನ್ನು ಮುಚ್ಚದೆ ಹಾಗೆಯೇ ಬಿಟ್ಟಿದ್ದಾರೆ.

ಅದು ಕೊಲಾರ್ ಕುಟುಂಬದ ಮನೆ. (ನಮ್ಮ ಕೋಲಾರವಲ್ಲ! ಮಗಳು ಹೆಸರು ಓದಿ ನಕ್ಕಳು.) ಸುರಂಗದ ಬಾಯಿ ತೆರೆದುಕೊಂಡದ್ದು ಇವರ ಮನೆಯಲ್ಲೇ. ಇವರು ತಮ್ಮ ಮನೆಯನ್ನೇ ಸುರಂಗಕ್ಕೆ ಬಿಟ್ಟುಕೊಟ್ಟರು. ಯುದ್ಧ ಮುಗಿದ ಮೇಲೆ ಸುರಂಗ ಮುಚ್ಚಿ ಮರೆತುಹೋಗಬಹುದಿತ್ತು. ಇದೇ ಕುಟುಂಬದವರು ಉಳಿದ ಭಾಗವನ್ನು ಕಾಪಾಡಿ, ಜನರ ಬಳಿಯಿದ್ದ ವಸ್ತುಗಳನ್ನು ಕೂಡಿಸಿ ಮ್ಯೂಸಿಯಂ ಮಾಡಿದರು. ಈಗ ಅದನ್ನು ಸರಕಾರ ನಡೆಸುತ್ತಿದೆ.

ಆ ಮನೆಯ ಅಜ್ಜಿ ಶೀದಾ ಕೊಲಾರ್ ಅವರ ಕತೆಯನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ಸುರಂಗದಿಂದ ಬಸವಳಿದು ಹೊರಬಂದವರಿಗೆ ಆಕೆ ಲೋಟದಲ್ಲಿ ನೀರು ಕೊಡುತ್ತಿದ್ದರಂತೆ. ಅವರ ಬಳಿ ಇದ್ದದ್ದು ಅಷ್ಟೆ. ಅಲ್ಲಿ ನಿಂತಾಗ ನನಗೆ ನನ್ನ ಅಜ್ಜಿಯ ನೆನಪಾಯಿತು. ಒಬ್ಬಾಕೆ ದೂರದಲ್ಲಿ ಕೈಯೆತ್ತಿದರು, ಇನ್ನೊಬ್ಬಾಕೆ ಬಾಗಿಲಲ್ಲಿ ಲೋಟ ಚಾಚಿದರು.

ಮೂಲ ಸುರಂಗದಲ್ಲಿ ಈಗ ಪ್ರವಾಸಿಗರು ನಡೆಯಬಹುದಾದದ್ದು ಇಪ್ಪತ್ತು-ಇಪ್ಪತ್ತೈದು ಮೀಟರ್ ಮಾತ್ರ. ಮೆಟ್ಟಿಲಿಳಿದು ಒಳಗೆ ಹೋದೊಡನೆ ತಣ್ಣನೆಯ ಗಾಳಿ, ಹಸಿ ಮಣ್ಣಿನ ವಾಸನೆ. ಮರದ ತೊಲೆಗಳು ತಲೆಗೆ ತಾಗುತ್ತವೆ. ಕಾಲ ಬಳಿ ಹಳಿ. ಇವರು ಎತ್ತರದವರು, ಪೂರ್ತಿ ಬಗ್ಗಿಯೇ ನಡೆದರು. ಹೊರಗೆ ಬಂದು ಸೊಂಟ ಹಿಡಿದುಕೊಂಡು, "ಇಪ್ಪತ್ತು ಮೀಟರಿಗೇ ಹೀಗೆ. 800 ಮೀಟರ್, ಅದೂ ಬೆನ್ನ ಮೇಲೆ ಮೂಟೆ ಹೊತ್ತು..." ಎಂದು ಮಾತು ನಿಲ್ಲಿಸಿದರು. ಅಂತರ್ಜಲ ಉಕ್ಕಿದಾಗ ನೀರಿನಲ್ಲೇ ನಡೆಯಬೇಕಿತ್ತಂತೆ. ದಾರಿ ಕಿರಿದಾದ್ದರಿಂದ ಒಂದು ಹೊತ್ತಿಗೆ ಒಂದೇ ದಿಕ್ಕಿನವರು ಹೋಗಬೇಕು. ಎದುರಿನವರು ಸರದಿ ಕಾಯಬೇಕು.

ಹಿಂದಿರುಗಿ ಬಂದವರು

ಸಂಜೆ ತೇತ ಕಾಫಿ ತಂದಿಟ್ಟರು. ಸುರಂಗ ನೋಡಿ ಬಂದೆವೆಂದಾಗ ಸುಮ್ಮನೆ ತಲೆಯಾಡಿಸಿದರು. "ನೀವು ಹೋಗಿದ್ದೀರಾ?" ಎಂದು ಕೇಳಿದೆ. "ಮ್ಯೂಸಿಯಂಗೆ ಹೋಗಿಲ್ಲ. ಟಿಕೆಟ್ ಕೊಟ್ಟು ಹೋಗಲು ಮನಸ್ಸು ಬರುವುದಿಲ್ಲ. ಸುರಂಗದಲ್ಲಿ ಎರಡು ಸಲ ನಡೆದಿದ್ದೇನೆ" ಎಂದರು. ಬಳಿಕ ನಕ್ಕು, "ನಾನು ಗಿಡ್ಡ. ಗಿಡ್ಡವಾಗಿ ಹುಟ್ಟಿಸಿದ್ದಕ್ಕೆ ಅಲ್ಲಾಹನಿಗೆ ಶುಕ್ರ್ ಹೇಳಿದ್ದು ಅವತ್ತೇ" ಎಂದರು.

1994ರಲ್ಲಿ ಅವರಿಗೆ ನಾಲ್ಕು ವರ್ಷದ ಮಗಳಿದ್ದಳು. ಹಾಸಿಗೆ ಹಿಡಿದ ತಾಯಿಯೂ ಇದ್ದರು. ಸುರಂಗದಲ್ಲಿ ಹೋಗಲು ಅನುಮತಿ ಪತ್ರ ಬೇಕಿತ್ತು. ಅದು ಸಿಕ್ಕಿದಾಗ ಮಗಳನ್ನು ಕರೆದುಕೊಂಡು ಹೊರಟರು. ಬೆಟ್ಟದಾಚೆ ತಂಗಿಯ ಮನೆಗೆ ಮುಟ್ಟಿಸಿದರು. ತಂಗಿ, "ನೀನೂ ಇಲ್ಲೇ ಇರು" ಎಂದು ಕೈ ಹಿಡಿದಳಂತೆ. ತೇತ ನಿಲ್ಲಲಿಲ್ಲ.

"ಹೋಗುವಾಗ ಮಗಳ ಕೈ ಹಿಡಿದಿದ್ದೆ. ಬರುವಾಗ ಬಟಾಟೆ, ನೀರುಳ್ಳಿಯ ಚೀಲ ಹಿಡಿದಿದ್ದೆ" ಎಂದರು.

ಇದನ್ನು ನಮಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದವಳು ಅದೇ ಮಗಳು. ಒಂದು ಕ್ಷಣ ಆಕೆಯ ದನಿ ನಿಂತಿತು. ಆಮೇಲೆ ತಾನೇ ಮುಂದುವರಿಸಿದಳು. "ಮುತ್ತಿಗೆ ಮುಗಿದ ಮೇಲೆ ಬಸ್ಸಿನಲ್ಲಿ ನನ್ನನ್ನು ಕರೆತಂದರು. ನಾನು ಇವರನ್ನು ಅಮ್ಮ ಎಂದು ಕರೆಯಲಿಲ್ಲ. ಚಿಕ್ಕಮ್ಮನೇ ಬೇಕೆಂದು ಅತ್ತೆ. ನನ್ನನ್ನು ಬಿಟ್ಟು ಹೋದರೆಂಬ ಸಿಟ್ಟು ಎಷ್ಟೋ ವರ್ಷ ಇತ್ತು. ನನಗೆ ಮಗು ಹುಟ್ಟಿದ ಮೇಲೆ ಅದು ಕರಗಿತು."

ಸುರಂಗವೆಂದರೆ ಹೊರಗೆ ಓಡಿಹೋಗುವ ದಾರಿಯೆಂದು ನಾನು ತಿಳಿದಿದ್ದೆ. ಹಾಗೆ ಹೋದವರೂ ಇದ್ದರು. ಆದರೆ ಹೋಗಿ ಮತ್ತೆ ಮುತ್ತಿಗೆಯೊಳಕ್ಕೇ ಮರಳಿದವರು ಎಷ್ಟು ಮಂದಿ! ಮನೆಯಲ್ಲಿ ವಯಸ್ಸಾದವರಿದ್ದರು, ಒಲೆ ಕಾಯುತ್ತಿತ್ತು. ಬೋಸ್ನಿಯಾದವರ ಮಾತಿನಲ್ಲಿ 'ಸಬೂರ್' ಎಂಬ ಪದವಿದೆ. ನಮ್ಮ ಸಬರ್ ಅದೇ. ಸಹನೆಯೆಂದರೆ ಕೈಕಟ್ಟಿ ಕುಳಿತುಕೊಳ್ಳುವುದಲ್ಲ, ಬಗ್ಗಿಕೊಂಡಾದರೂ ನಡೆಯುವುದು ಎಂದು ತೇತನನ್ನು ನೋಡಿದಾಗ ಅನ್ನಿಸಿತು.

"ಕೊಂದವರು ಯಾರು?"

ಅಷ್ಟರಲ್ಲಿ ನನ್ನ ಮಗಳು ತನ್ನ ಪ್ರಶ್ನೆಯನ್ನು ತೇತನ ಮುಂದೆಯೇ ಇಟ್ಟುಬಿಟ್ಟಳು. "ನಿಮ್ಮ ಮೇಲೆ ಶೆಲ್ ಹಾಕಿದವರು ಯಾರು? ಸರ್ಬರಾ?" ನಾನು ಮುಜುಗರದಿಂದ ಅವಳ ಭುಜ ಅದುಮಿದೆ. ತೇತ ಅವಳನ್ನು ಹತ್ತಿರ ಕೂರಿಸಿಕೊಂಡರು.

"ನಾನು ಸುರಂಗದಲ್ಲಿ ಹೋಗಿ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ನನ್ನ ತಾಯಿಗೆ ಸೂಪು ಕುಡಿಸಿದವಳು, ಬಟ್ಟೆ ಬದಲಾಯಿಸಿದವಳು ಕೆಳಗಿನ ಮನೆಯ ಹೆಂಗಸು. ಅವಳು ಸರ್ಬ್. ಅವಳೂ ನಮ್ಮ ಜೊತೆ ಅದೇ ನೆಲಮಾಳಿಗೆಯಲ್ಲಿ ಕೂತಿರುತ್ತಿದ್ದಳು, ಅದೇ ಶೆಲ್ಲಿಗೆ ಹೆದರುತ್ತಿದ್ದಳು. ಗುಡ್ಡದ ಮೇಲೆ ಫಿರಂಗಿ ಹಿಡಿದವನಿಗೂ ಅವಳಿಗೂ ನಾನು ಒಂದೇ ಹೆಸರು ಕೊಡಲಾ? ಕೊಂದವರಿಗೆ ಅವರದೇ ಹೆಸರುಗಳಿವೆ ಮಗಳೇ. ಆ ಹೆಸರು ಹೇಳು. ಉಳಿದವರನ್ನು ಅದರಲ್ಲಿ ಸೇರಿಸಬೇಡ."

ಆ ಮಾತು ನಿಜ. ಮುತ್ತಿಗೆಗೆ ಒಳಗಾದ ನಗರದಲ್ಲಿ ಸರ್ಬರು, ಕ್ರೋಟರು ಕೂಡ ಉಳಿದಿದ್ದರು. ನಗರವನ್ನು ರಕ್ಷಿಸಿದ ಸೇನೆಯ ಪ್ರಮುಖ ಅಧಿಕಾರಿಗಳಲ್ಲಿ ಒಬ್ಬರಾದ ಜನರಲ್ ಯೊವಾನ್ ದಿವ್ಯಾಕ್ ಸ್ವತಃ ಸರ್ಬ್. ಯುದ್ಧದಿಂದ ತಬ್ಬಲಿಗಳಾದ ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾಗಲು ಅವರು ಸಂಸ್ಥೆ ಕಟ್ಟಿದರು. 2021ರಲ್ಲಿ ಅವರು ತೀರಿಕೊಂಡಾಗ ಸರಾಯೆವೊ ತನ್ನವನನ್ನು ಕಳೆದುಕೊಂಡಂತೆ ಅತ್ತಿತು. ಇನ್ನು ಕೊಂದವರ ಹೆಸರುಗಳನ್ನು ಅಂತಾರಾಷ್ಟ್ರೀಯ ನ್ಯಾಯಾಲಯ ಒಂದೊಂದಾಗಿ ಬರೆದಿದೆ. ಮುತ್ತಿಗೆ ಹಾಕಿದ ಪಡೆಯ ಕಮಾಂಡರ್ ಸ್ಟಾನಿಸ್ಲಾವ್ ಗಾಲಿಚ್‌ಗೆ 2006ರಲ್ಲಿ, ಬೋಸ್ನಿಯಾದ ಸರ್ಬ್ ನಾಯಕ ರಾಡೊವಾನ್ ಕರಾಜಿಚ್‌ಗೆ 2019ರಲ್ಲಿ ಮೇಲ್ಮನವಿಯ ಹಂತದಲ್ಲಿ ಜೀವಾವಧಿ ಶಿಕ್ಷೆಯಾಯಿತು. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಗಂಡಸರನ್ನೂ ಹುಡುಗರನ್ನೂ ಕೊಂದ ಸೇನೆಯ ದಂಡನಾಯಕ ರಾಟ್ಕೊ ಮ್ಲಾಡಿಚ್‌ನ ಜೀವಾವಧಿ ಶಿಕ್ಷೆ 2021ರಲ್ಲಿ ಖಾಯಂ ಆಯಿತು. ಗಂಡ, ಮಕ್ಕಳನ್ನು ಕಳೆದುಕೊಂಡ ತಾಯಂದಿರು ವರ್ಷಗಟ್ಟಲೆ ಛಲ ಬಿಡದೆ ನ್ಯಾಯ ಕೇಳಿದರು. ಅವರು ಕೇಳಿದ್ದು ಸೇಡನ್ನಲ್ಲ, ಸತ್ಯವನ್ನು.

ಗುಂಡಿನ ತೂತುಗಳನ್ನು ಮುಚ್ಚದೆ ಉಳಿಸಿರುವುದು ಯಾಕೆಂದು ನನಗೆ ಆಗ ಅರ್ಥವಾಯಿತು. ಏನು ನಡೆಯಿತು, ಯಾರು ಮಾಡಿದರು, ಯಾರು ನೀರು ಕೊಟ್ಟರು ಎಂಬುದು ಸರಿಯಾಗಿ ನೆನಪಿರಬೇಕು. ಅರ್ಧಂಬರ್ಧ ನೆನಪೇ ದ್ವೇಷವಾಗುವುದು. 'ಅವರೆಲ್ಲ ಹೀಗೆಯೇ' ಎಂಬ ಮಾತು ಹುಟ್ಟುವುದು ಅಲ್ಲಿಂದಲೇ. ಆ ಮಾತು ಬೋಸ್ನಿಯಾದಲ್ಲಿ ಮಾತ್ರ ಕೇಳಿಬರುವುದೇ? ನಮ್ಮ ಊರಿನ ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಮೊಬೈಲಿನಲ್ಲಿ ಬರುವ ಸಂದೇಶಗಳಲ್ಲಿ ನಾವೂ ಕೇಳುತ್ತೇವೆ. ಕೆಲವೊಮ್ಮೆ ನಮ್ಮ ಬಾಯಿಂದಲೂ ಬರುತ್ತದೆ. ಪುತ್ತೂರಿನಲ್ಲಿ ಒಬ್ಬರೇ ಇರುವ ನನ್ನ ಉಮ್ಮನಿಗೆ ಕಳೆದ ಮಳೆಗಾಲದಲ್ಲಿ ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟವರು ಪಕ್ಕದ ಮನೆಯ ಅಕ್ಕ. ಅವರು ನಮ್ಮ ಧರ್ಮದವರಲ್ಲ. ನನ್ನ ಮಗಳಿಗೆ ಅದನ್ನು ನಾನು ಹೇಳಿಯೇ ಇರಲಿಲ್ಲ. ಅಂದು ರಾತ್ರಿ ಹೇಳಿದೆ.

ಹೋಗುವವರಿಗೆ ಒಂದೆರಡು ಮಾತು. ಬೆಳಿಗ್ಗೆ ಬೇಗ ಹೋಗಿ, ಆಗ ಜನ ಕಡಿಮೆ. ಸೊಂಟ, ಮೊಣಕಾಲು ನೋವಿರುವವರು ಸುರಂಗದಲ್ಲಿ ಎಚ್ಚರದಿಂದ ನಡೆಯಬೇಕು. ಮಕ್ಕಳನ್ನು ಕರೆದೊಯ್ಯುವುದಾದರೆ ಹಿಂದಿನ ರಾತ್ರಿಯೇ ಸ್ವಲ್ಪ ಹೇಳಿಟ್ಟುಕೊಳ್ಳಿ. ಅಲ್ಲಿ ಹೋಗಿ ಪೆಚ್ಚಾಗಬೇಡಿ, ನನ್ನ ಹಾಗೆ.

ಹೊರಡುವ ದಿನ ವಿಮಾನ ರನ್‌ವೇಯಲ್ಲಿ ವೇಗ ಹೆಚ್ಚಿಸುತ್ತಿದ್ದಂತೆ ಮಗಳು ನನ್ನ ಕೈ ಹಿಡಿದು, "ಉಮ್ಮಾ, ಈಗ ನಾವು ಅದರ ಮೇಲಿದ್ದೇವೆ ಅಲ್ವಾ?" ಎಂದಳು. ಹೌದೆಂದೆ. ಇವರು ಏನೂ ಮಾತಾಡಲಿಲ್ಲ, ಕಿಟಕಿಯಿಂದ ಕೆಳಗೆ ನೋಡುತ್ತಿದ್ದರು.

ವಾರದ ಬಳಿಕ ಪುತ್ತೂರಿನಲ್ಲಿ ಉಮ್ಮನ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಫಿರಂಗಿ, ಮುತ್ತಿಗೆ, ನ್ಯಾಯಾಲಯ ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಂಡ ಉಮ್ಮ ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಆ ಹುಡುಗಿ ಈಗ ತಾಯಿಯ ಜೊತೆಗೇ ಇದ್ದಾಳಾ?"

"ಇದ್ದಾಳೆ ಉಮ್ಮಾ. ಅವಳ ಮಗುವೂ ಅದೇ ಮನೆಯಲ್ಲಿದೆ" ಎಂದೆ.

ಉಮ್ಮ ಅಲ್‌ಹಮ್ದುಲಿಲ್ಲಾಹ್ ಎಂದು ಹೇಳಿ, ಅಜ್ಜಿ ಮಾಡುತ್ತಿದ್ದ ಹಾಗೆಯೇ ಎರಡೂ ಕೈಗಳನ್ನು ಮುಖಕ್ಕೆ ಸವರಿಕೊಂಡರು.